ರಬ್ಬರ್ ಚಕ್ರದ ಪರೀಕ್ಷೆಯಲ್ಲಿ ಮ್ಯಾಂಗನೀಸ್ ಉಕ್ಕು ಹೆಚ್ಚು ಸವೆದರೆ ಜಾ ಕ್ರಷರ್‌ನಿಂದ ಅದನ್ನು ತೆಗೆದುಹಾಕಬೇಕೇ?

ಪ್ರಯೋಗಾಲಯದ ಎಎಸ್‌ಟಿಎಂ ಜಿ65 ಪರೀಕ್ಷೆಯಲ್ಲಿ (ರಬ್ಬರ್ ಚಕ್ರದಿಂದ ಸವೆತ ಅಳೆಯುವ, ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಪರೀಕ್ಷೆ) ಕ್ರೋಮಿಯಂ ಕಾರ್ಬೈಡ್ ಎಂಬ ಗಡಸು ಪದಾರ್ಥದ ಹೊದಿಕೆಯನ್ನು ವೆಲ್ಡ್ ಮಾಡಿದ ಪ್ಲೇಟು ನಿಮ್ಮ ಹಳೆಯ ಮ್ಯಾಂಗನೀಸ್ ಉಕ್ಕಿಗಿಂತ ಬಹಳ ಕಡಿಮೆ ಸವೆದಿದೆ, ಆದ್ದರಿಂದ ಎರಡು ದವಡೆಗಳ ನಡುವೆ ಅಮುಕಿ ಕಬ್ಬಿಣದ ಅದಿರು ಒಡೆಯುವ ಜಾ ಕ್ರಷರ್‌ಗೂ ಅಂಥ ಪ್ಲೇಟುಗಳನ್ನೇ ಹಾಕಿಸಬಹುದೇ ಎಂದು ಕೇಳಿದ್ದೀರಿ. ಬೇಡ ಎಂಬುದು ನನ್ನ ಉತ್ತರ. ವರದಿಯ ಅಂಕಿಗಳು ಸರಿಯಾಗಿಯೇ ಇರಬಹುದು, ಆದರೆ ಅವು ಬೇರೊಂದು ಬಗೆಯ ಸವೆತದ ಅಂಕಿಗಳು. ಇಂಥ ಪರೀಕ್ಷೆಗಳನ್ನು ನಡೆಸುವುದೇ ನನ್ನ ಕೆಲಸವಾದ್ದರಿಂದ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುತ್ತೇನೆ.

ಜಿ65 ಯಂತ್ರದಲ್ಲಿ ಸುಮಾರು 229 ಮಿ.ಮೀ. ವ್ಯಾಸದ, ಅಂಚಿಗೆ ರಬ್ಬರ್ ಕಟ್ಟಿದ ಉಕ್ಕಿನ ಚಕ್ರವು ನಿಮಿಷಕ್ಕೆ 200 ಸುತ್ತು ತಿರುಗುತ್ತದೆ. ಮಾದರಿಯನ್ನು ಅದಕ್ಕೆ ಒತ್ತಿ ಹಿಡಿದು, ನಡುವೆ ಒಣ ಸಿಲಿಕಾ (ಬೆಣಚು) ಮರಳನ್ನು ಒಂದೇ ಸಮನೆ ಸುರಿಸಲಾಗುತ್ತದೆ. ಕಠಿಣವಾದ 'ಎ' ವಿಧಾನದಲ್ಲಿ ಒತ್ತುವ ಬಲ 130 ನ್ಯೂಟನ್, ಸುತ್ತುಗಳು 6000, ಅಂದರೆ ಅರ್ಧ ಗಂಟೆಯಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚಿನ ತಿಕ್ಕಾಟ. ಇಲ್ಲಿ ಗಮನಿಸಬೇಕಾದದ್ದು ರಬ್ಬರ್ ಮೆತ್ತಗಿದೆ ಎಂಬುದು. ಮರಳಿನ ಕಾಳು ಮಾದರಿಯನ್ನು ಗೀರುತ್ತದೆಯೇ ಹೊರತು, ಒತ್ತಡ ಹೆಚ್ಚಾದಾಗ ರಬ್ಬರ್ ಒಳಗೆ ತಗ್ಗಿಬಿಡುವುದರಿಂದ, ಅದು ಪುಡಿಯಾಗುವುದಿಲ್ಲ, ಲೋಹವನ್ನು ಆಳವಾಗಿ ಜಜ್ಜುವುದೂ ಇಲ್ಲ. ಇದನ್ನು ಕಡಿಮೆ ಒತ್ತಡದ ಗೀರು ಸವೆತ ಎನ್ನಬಹುದು.

ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಮ್ಯಾಂಗನೀಸ್ ಉಕ್ಕಿಗೆ ಇದು ನ್ಯಾಯವಾದ ಪರೀಕ್ಷೆಯಲ್ಲ. ಸುಮಾರು 1.2 ಶೇಕಡಾ ಇಂಗಾಲ ಮತ್ತು 12–13 ಶೇಕಡಾ ಮ್ಯಾಂಗನೀಸ್ ಇರುವ ಈ ಉಕ್ಕು ಹೊಸದಾಗಿದ್ದಾಗ ಸುಮಾರು 200 ಬ್ರಿನೆಲ್ ಗಡಸುತನದ, ಮೆದು ಎನ್ನಬಹುದಾದ ಲೋಹ. ಕಲ್ಲಿನ ಹೊಡೆತ ಬಿದ್ದಂತೆಲ್ಲ ಅದರ ಮೇಲ್ಪದರ ಗಡಸಾಗುತ್ತ 500 ಬ್ರಿನೆಲ್‌ವರೆಗೂ ಏರಬಲ್ಲದು. ಒಳಭಾಗ ಮಾತ್ರ ಜಿಗುಟಾಗಿಯೇ ಉಳಿಯುವುದರಿಂದ ಪ್ಲೇಟು ಸೀಳುವುದಿಲ್ಲ. ಹೊಡೆತವೇ ಇಲ್ಲದ ರಬ್ಬರ್ ಚಕ್ರದ ಮುಂದೆ ಈ ಗುಣ ಹೊರಬರುವುದಕ್ಕೆ ಅವಕಾಶವೇ ಇರುವುದಿಲ್ಲ. ಅದು ಸಾಮಾನ್ಯ ಉಕ್ಕಿನಂತೆ ಸವೆಯುತ್ತದೆ. ನಿಮ್ಮ ವರದಿಯಲ್ಲಿ ಕಾಣುತ್ತಿರುವುದು ಇದೇ.

ಕ್ರೋಮಿಯಂ ಕಾರ್ಬೈಡ್ ಹೊದಿಕೆಯ ಕಥೆ ಇದಕ್ಕೆ ವಿರುದ್ಧವಾದದ್ದು. ಅದರ ಕಾರ್ಬೈಡ್ ಹರಳುಗಳು ಸುಮಾರು 1100 ವಿಕರ್ಸ್ (ಬ್ರಿನೆಲ್‌ನಂತೆಯೇ ಗಡಸುತನದ ಇನ್ನೊಂದು ಅಳತೆ) ಗಡಸುತನದ ಬೆಣಚುಕಲ್ಲಿಗಿಂತಲೂ ಗಡಸು, ಆದ್ದರಿಂದ ಮರಳು ಅವುಗಳನ್ನು ಸುಲಭವಾಗಿ ಗೀರಲಾರದು. ಆದರೆ ವೆಲ್ಡ್ ಮಾಡಿ ತಣಿದಾಗಲೇ ಆ ಪದರದಲ್ಲಿ ಬಿರುಕುಗಳು ಮೂಡಿರುತ್ತವೆ. ಗೀರು ಸವೆತದಲ್ಲಿ ಅವು ತೊಂದರೆ ಕೊಡುವುದಿಲ್ಲವಾದರೂ, ದವಡೆಗಳ ನಡುವೆ ದೊಡ್ಡ ಕಲ್ಲು ಸಿಕ್ಕಿ ನುರಿಯುವಾಗ ಪದರ ಚಕ್ಕೆಚಕ್ಕೆಯಾಗಿ ಎದ್ದುಹೋಗುತ್ತದೆ.

ಜಾ ಕ್ರಷರ್‌ಗೆ ಹತ್ತಿರವಾದ ಪರೀಕ್ಷೆ ಎಎಸ್‌ಟಿಎಂ ಜಿ81. ಅದರಲ್ಲಿ ಚಿಕ್ಕದೊಂದು ಜಾ ಕ್ರಷರ್‌ನಲ್ಲೇ ಪರೀಕ್ಷಾ ಪ್ಲೇಟನ್ನೂ ಗುಣ ಗೊತ್ತಿರುವ ಆಧಾರ ಪ್ಲೇಟನ್ನೂ ಜೋಡಿಸಿ, ಸುಮಾರು 900 ಕಿಲೋ ಕಲ್ಲನ್ನು ಒಡೆದು, ಎರಡರ ಸವೆತದ ಅನುಪಾತವನ್ನು ಲೆಕ್ಕ ಹಾಕುತ್ತಾರೆ. ಚಲಿಸುವ ಮತ್ತು ಸ್ಥಿರ ದವಡೆಗಳು ಒಂದೇ ರೀತಿ ಸವೆಯುವುದಿಲ್ಲವಾದ್ದರಿಂದ ಎರಡೂ ಕಡೆ ಎರಡೂ ಲೋಹಗಳಿರುವಂತೆ ಜೋಡಿ ಮಾಡುತ್ತಾರೆ. ಖರ್ಚು ಮತ್ತು ಕಲ್ಲಿನ ಧೂಳು ಎರಡೂ ಹೆಚ್ಚು, ಹಾಗಾಗಿ ಎಲ್ಲ ಪ್ರಯೋಗಾಲಯಗಳೂ ಇದನ್ನು ಮಾಡುವುದಿಲ್ಲ. ಮಾಡಿಸಲಾಗದಿದ್ದರೆ ಸವೆದುಹೋದ ಹಳೆಯ ಪ್ಲೇಟಿನ ಒಂದು ತುಂಡನ್ನು ಸೂಕ್ಷ್ಮದರ್ಶಕದಡಿ ನೋಡಿಸಿ. ಆಳವಾದ ಕುಳಿ, ಒತ್ತಿ ಹಿಗ್ಗಿದ ಅಂಚು ಕಂಡರೆ ಅದು ಜಜ್ಜುವ ಸವೆತ, ಒಂದೇ ದಿಕ್ಕಿನ ಸಣ್ಣ ಗೀರುಗಳಾದರೆ ಜಿ65ರ ಬಗೆಯದು. ಪರೀಕ್ಷೆ ಯಾವುದು ಎಂಬುದನ್ನು ಇದಾದ ಮೇಲೆ ನಿರ್ಧರಿಸಬೇಕಿತ್ತು, ಆದರೆ ಹೆಚ್ಚಿನವರು ಜಿ65 ಅಗ್ಗ ಮತ್ತು ಬೇಗ ಎಂಬ ಕಾರಣಕ್ಕೇ ಅದರಿಂದ ಶುರುಮಾಡುತ್ತಾರೆ.

ಹಾಗೆಂದು ನಿಮ್ಮ ವರದಿ ವ್ಯರ್ಥವಾಗಲಿಲ್ಲ. ಕ್ರಷರ್ ದಾಟಿದ ಸಣ್ಣ ಅದಿರು ಜಾರಿ ಹೋಗುವ ಚ್ಯೂಟ್‌ಗಳ (ಇಳಿಜಾರು ದೋಣಿಗಳ) ಲೈನರ್‌ಗೆ, ಅಂದರೆ ಒಳಪದರಕ್ಕೆ, ಕಾರ್ಬೈಡ್ ಹೊದಿಕೆಯನ್ನು ಧೈರ್ಯವಾಗಿ ಹಾಕಿಸಬಹುದು. ಹೊಡೆತವಿಲ್ಲದ ಆ ಜಾಗದಲ್ಲಿ ಮ್ಯಾಂಗನೀಸ್ ಉಕ್ಕು ಹಾಕುವುದೇ ದುಂದು. ಸಂಡೂರು, ಹೊಸಪೇಟೆ ಕಡೆಯ ಅದಿರಾದರೆ ಅದರಲ್ಲಿ ಬೆಣಚು ಪಟ್ಟಿಯ ಹೆಮಟೈಟ್ (ಕಬ್ಬಿಣದ ಖನಿಜ) ಎಷ್ಟು ಬೆರೆತಿದೆ ಎಂದು ಮೊದಲು ತಿಳಿದುಕೊಳ್ಳಿ. ಶುದ್ಧ ಹೆಮಟೈಟ್ ಬೆಣಚಿಗಿಂತ ಮೆದು, ಆದ್ದರಿಂದ ಸಿಲಿಕಾ ಮರಳಿನ ಫಲಿತಾಂಶವು ನಿಮ್ಮ ಅದಿರಿಗೆ ಎಷ್ಟು ಹೊಂದುತ್ತದೆ ಎಂಬುದು ಆ ಪಾಲನ್ನು ಅವಲಂಬಿಸಿದೆ.

ಕೊನೆಯದಾಗಿ, ವರದಿಯಲ್ಲಿ ನಷ್ಟವನ್ನು ಗ್ರಾಂನಲ್ಲಿ ಮಾತ್ರ ಕೊಟ್ಟಿದ್ದರೆ ಸಾಂದ್ರತೆಯಿಂದ ಭಾಗಿಸಿ ಘನ ಮಿಲಿಮೀಟರಿಗೆ ಬದಲಿಸಿಕೊಡಲು ಹೇಳಿ. ಉಕ್ಕಿಗೂ ಹೊದಿಕೆಗೂ ಸಾಂದ್ರತೆ ಒಂದೇ ಅಲ್ಲ, ಮತ್ತು ಸವೆತದಲ್ಲಿ ನಾವು ಕಳೆದುಕೊಳ್ಳುವುದು ದಪ್ಪವನ್ನು, ತೂಕವನ್ನಲ್ಲ. ರಬ್ಬರ್ ಹಳೆಯದಾದಂತೆ ಗಟ್ಟಿಯಾಗುವುದರಿಂದ, ಅದೇ ಚಕ್ರದಲ್ಲಿ ಆಧಾರ ಉಕ್ಕೊಂದನ್ನು ಓಡಿಸಿ ಬಂದ ಅಂಕಿಯನ್ನೂ ಕೇಳಿ ಪಡೆಯಿರಿ.