ಹಗ್ಗದ ಮೇಲೇ ಉಳಿದ ಬಟ್ಟೆ

(ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಗುರುತು ಬದಲಿಸಿದ್ದೇನೆ.)

24 ವರ್ಷದ ಕಿರಣ್ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದು ಕೂತಾಗ ನಾನು ಮೊದಲು ನೋಡಿದ್ದು ಅವರ ಎಡಗೈ. ಮಣಿಕಟ್ಟಿನಿಂದ ಮೊಣಕೈವರೆಗೆ ಚಿವುಟಿದ ಗುರುತುಗಳು. ಕೆಲವು ಕೆಂಪಗಿದ್ದವು, ಕೆಲವು ನೀಲಿಗಟ್ಟಿದ್ದವು.

"ಎಚ್ಚರ ಇದೀನಾ ಇಲ್ವಾ ಅಂತ ನೋಡ್ಕೊಳ್ತೀನಿ ಮೇಡಂ," ಅಂದರು.

ಮೂರು ವಾರದ ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗದೆ ಜಪಾನಿನ 'ಪಪ್ರಿಕಾ' ನೋಡಿದ್ದರು. ಸತೋಶಿ ಕೋನ್ ನಿರ್ದೇಶಿಸಿದ 2006ರ ಆನಿಮೆ (ಅನಿಮೇಷನ್) ಚಿತ್ರ. ರೋಗಿಗಳ ಕನಸಿನೊಳಗೆ ಹೋಗಿ ಚಿಕಿತ್ಸೆ ಕೊಡುವ ಯಂತ್ರ ಅದರಲ್ಲಿ ಕಳುವಾಗುತ್ತದೆ. ಆಮೇಲೆ ಕನಸು, ನಿಜ ಎರಡೂ ಕಲಸಿಹೋಗುತ್ತವೆ. ಒಂದು ಕಡೆ ವೈದ್ಯೆ ಬೇಲಿ ದಾಟಲು ಹೋಗುತ್ತಾಳೆ. ನೋಡಿದರೆ ಅದು ಎತ್ತರದ ಮನೆಯ ಬಾಲ್ಕನಿ ಕಂಬಿ. ಕಿರಣ್‌ಗೆ ನಾಟಿದ್ದು ಇದೇ. ಅವರ ಮನೆ ಮೂರನೇ ಮಹಡಿಯಲ್ಲಿದೆ. ಅವತ್ತಿನಿಂದ ಬಾಲ್ಕನಿ ಬಾಗಿಲು ತೆಗೆದಿಲ್ಲ. ಒಣಹಾಕಿದ ಬಟ್ಟೆ ಹಗ್ಗದ ಮೇಲೇ ಮಳೆಯಲ್ಲಿ ನೆನೆದು, ಒಣಗಿ, ಮತ್ತೆ ನೆನೆದಿದೆ.

ನೇರವಾಗಿಯೇ ಕೇಳಿದೆ: "ಹಾರಬೇಕು ಅನಿಸುತ್ತಾ?"

"ಇಲ್ಲ ಮೇಡಂ. ಕನಸು ಅಂದ್ಕೊಂಡು ಹಾರಿಬಿಟ್ರೆ ಅಂತ ಹೆದರಿಕೆ."

ಇವೆರಡೂ ಒಂದೇ ಅಲ್ಲ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಎಷ್ಟೋ ಜನ ಹಿಂಜರಿಯುತ್ತಾರೆ. ಹಾಗಾಗಲ್ಲ, ಕೇಳಲೇಬೇಕು. ಕಿರಣ್‌ಗೆ ಇಲ್ಲದ ಧ್ವನಿಗಳು ಕೇಳಿಸುತ್ತಿರಲಿಲ್ಲ, ಗಾಂಜಾ ಚಟ ಇರಲಿಲ್ಲ. ಸುತ್ತಲಿನದೆಲ್ಲ ಗಾಜಿನ ಆಚೆ ಇದ್ದ ಹಾಗೆ ಕಾಣುತ್ತಿತ್ತು. ಆದರೆ ಹಾಗೆ ಅನಿಸುತ್ತಿದೆ ಅಷ್ಟೇ ಅಂತ ಅವರಿಗೆ ಗೊತ್ತಿತ್ತು. ಇದನ್ನು ಡೀರಿಯಲೈಸೇಶನ್ ಅನ್ನುತ್ತೇವೆ. ಬೇರೆ ಕಾರಣ ಇದೆಯಾ ನೋಡಲಿ ಅಂತ ಮನೋವೈದ್ಯರ ಹತ್ತಿರವೂ ಕಳಿಸಿದೆ.

ನಿದ್ದೆಯ ಲೆಕ್ಕ ಬರೆಸಿದಾಗ ವಿಷಯ ಗೊತ್ತಾಯಿತು. ದಿನಕ್ಕೆ ನಾಲ್ಕು ಗಂಟೆಯೂ ಇಲ್ಲ. ಬಹಳ ದಿನ ನಿದ್ದೆಗೆಟ್ಟರೆ ಕನಸು ಬೀಳುವ ನಿದ್ದೆ ನುಗ್ಗಿ ಬರುತ್ತದೆ. ಅರೆ ಎಚ್ಚರದಲ್ಲಿ ಕನಸಿನ ಚೂರು ಕೋಣೆಯಲ್ಲೇ ಕಂಡ ಹಾಗಾಗುತ್ತದೆ. ಮನೆಯವರು ಸಿನಿಮಾವನ್ನು ಬೈದಿದ್ದರು. ನಾನು ಬೈಯಲಿಲ್ಲ. ಅವರೊಳಗೆ ಆಗಲೇ ಇದ್ದ ಸುಸ್ತಿಗೆ ಅದು ಒಂದು ಚಿತ್ರ ಕೊಟ್ಟಿತ್ತು.

ಚಿವುಟೋದನ್ನು ನಿಲ್ಲಿಸಿ ಅಂದೆ. ಪರೀಕ್ಷೆ ಮಾಡಿಕೊಂಡಾಗ ಎರಡು ನಿಮಿಷ ಸಮಾಧಾನ ಸಿಗುತ್ತದೆ, ಆಮೇಲೆ ಅನುಮಾನ ಇನ್ನೂ ಜಾಸ್ತಿ. "ಹೀಗೆ ಅನಿಸ್ತಿದೆ, ಅನಿಸಲಿ" ಅಂದುಕೊಂಡು ಕೈಯಲ್ಲಿದ್ದ ಕೆಲಸ ಮುಂದುವರಿಸಬೇಕು, ಅದು ಪಾತ್ರೆ ತೊಳೆಯೋದೇ ಆಗಲಿ. ದಪ್ಪ ಪರದೆ ಎಳೆದು ದಿನಾ ಒಂದೇ ಹೊತ್ತಿಗೆ ಮಲಗಬೇಕು. ಪಾಳಿಯ ಕೊನೆಕೊನೆಗೆ ಕಾಫಿ ಬೇಡ. ಬಾಲ್ಕನಿಗೆ ಅವಸರ ಇಲ್ಲ. ಮೊದಲ ವಾರ ಬಾಗಿಲು ತೆಗೆದು ಒಳಗೇ ನಿಂತರೆ ಸಾಕು. ಹಾರಬೇಕು ಅಂತಲೇ ಅನಿಸಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಪಕ್ಕದಲ್ಲಿರೋರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೇ ಭೇಟಿಗೆ ಕೈಯ ಗುರುತು ಮಾಸಿದ್ದವು. ನಿದ್ದೆ ದಿನಕ್ಕೆ ಆರು ಗಂಟೆಯಷ್ಟಾಗಿತ್ತು. ಗಾಜು ಪೂರ್ತಿ ಸರಿದಿರಲಿಲ್ಲ. ಆ ಸಿನಿಮಾ ಮತ್ತೆ ನೋಡಬಹುದಾ ಅಂತ ಕೇಳಿದರು. ಚೆನ್ನಾಗಿ ನಿದ್ದೆ ಆದ ದಿನ, ಗೆಳೆಯರ ಜೊತೆ ನೋಡಿ ಅಂದೆ.

"ಬಟ್ಟೆ ತೆಗೆದ್ರಾ?"

"ಅಂಗಿಗಳನ್ನ ತೆಗೆದೆ ಮೇಡಂ. ಕಂಬಿ ಹತ್ರ ಇನ್ನೊಂದು ಟವೆಲ್ ಇದೆ."