ಮಾತ್ರೆ ಕೊಟ್ಟರೂ ಮತ್ತೆ ಲಾಡಿಹುಳು

ಪ್ರಶ್ನೆ: ಕುರಿ ಕಾಯುವ ನಮ್ಮ ನಾಯಿಗೆ (ತೂಕ 24 ಕೆ.ಜಿ.) ಜಂತಿನ ಮಾತ್ರೆ ಕೊಟ್ಟು ಎರಡು ತಿಂಗಳಾಗಿಲ್ಲ. ಬಾಲದ ಬುಡದಲ್ಲಿ ಮತ್ತೆ ಅಕ್ಕಿಕಾಳಿನಂಥ ಚೂರುಗಳು. ಔಷಧಿ ಕೆಲಸ ಮಾಡಲಿಲ್ಲವೇ?

ಉತ್ತರ: ಆ ಚೂರುಗಳು ಲಾಡಿಹುಳುವಿನ ತುಂಡುಗಳು. ಮೊದಲು ಮಾತ್ರೆಯ ಚೀಟಿ ಓದಿ. ಬರೀ ಪೈರಾಂಟೆಲ್ ಇದ್ದರೆ ಅದು ದುಂಡುಹುಳು, ಕೊಕ್ಕೆಹುಳುಗಳಿಗಷ್ಟೇ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಪ್ರಮಾಣ ಕೆ.ಜಿ.ಗೆ 5 ಮಿ.ಗ್ರಾಂ., ಅಂದರೆ ನಿಮ್ಮ ನಾಯಿಗೆ 50 ಮಿ.ಗ್ರಾಂ.ನ ಎರಡೂವರೆ ಮಾತ್ರೆ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ, ತಕ್ಕಡಿಗೆ ಹಾಕಿ.

ಔಷಧಿ ಸರಿಯಿದ್ದೂ ಹುಳು ಮರಳಿದರೆ ಅನುಮಾನ ಚಿಗಟದ ಮೇಲೆ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ, ಅದರೊಳಗಿನ ಮರಿಹುಳು ಸುಮಾರು ಮೂರು ವಾರದಲ್ಲಿ ಬೆಳೆದು ತುಂಡು ಉದುರಿಸುತ್ತದೆ. ಹಾಗಾಗಿ ಚಿಗಟದ ಔಷಧಿಯೂ ಜೊತೆಗೇ ಆಗಬೇಕು, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಬೇಕು.

ಇದಕ್ಕಿಂತ ಚಿಂತೆಯದು ಕಣ್ಣಿಗೆ ಬೀಳದ ಇನ್ನೊಂದು ಲಾಡಿಹುಳು, ಎಕಿನೊಕಾಕಸ್. ಉದ್ದ ಕೆಲವೇ ಮಿಲಿಮೀಟರ್. ಕುರಿಯ ಪಿತ್ತಜನಕಾಂಗ, ಶ್ವಾಸಕೋಶದ ನೀರುಗುಳ್ಳೆಗಳನ್ನು ಹಸಿಯಾಗಿ ತಿಂದ ನಾಯಿಗೆ ಅಂಟುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದರೆ ಅಂಥದೇ ಗುಳ್ಳೆ. ಒಳಾಂಗಗಳನ್ನು ಅರ್ಧ ಗಂಟೆ ಕುದಿಸದೆ ಹಾಕಬೇಡಿ, ಸತ್ತ ಕುರಿಯನ್ನು ಆಳವಾಗಿ ಹೂಳಿ. ಹಸಿ ಮಾಂಸ ಸಿಗುವ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಕೊಡಿ. ಆಮೇಲಿನ ಎರಡು ದಿನದ ಮಲವನ್ನು ಕೈಗವಸು ಹಾಕಿ ಎತ್ತಿ ಹೂಳಿ.

ಕುರಿಗೆ ತಂದ ಐವರ್‌ಮೆಕ್ಟಿನ್ ಮಾತ್ರ ನಾಯಿಗೆ ಬೇಡವೇ ಬೇಡ. ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಅದು ಮಿದುಳಿಗೇರಿ ಜೀವಕ್ಕೇ ಕುತ್ತು ತರುತ್ತದೆ.