ಹಳೆಯ ಬರೋಲೊ ತೆರೆಯುವ ಮುನ್ನ

ನೆಲಮಾಳಿಗೆಯಲ್ಲಿ ಮರೆತುಹೋಗಿದ್ದ 1996ರ ಬರೋಲೊ (ಇಟಲಿಯ ಕೆಂಪು ವೈನ್) ಈಗ ಸಿಕ್ಕಿದೆ, ಕುಡಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಚೆಲ್ಲಬೇಡಿ! ಬರೋಲೊ ತಯಾರಾಗುವ ಪಿಯೆಮೊಂಟೆ ಪ್ರಾಂತ್ಯಕ್ಕೆ ಅದು ತುಂಬ ಒಳ್ಳೆಯ ವರ್ಷ. ಬರೋಲೊ ಮಾಡುವ ನೆಬ್ಬಿಯೋಲೊ ದ್ರಾಕ್ಷಿಯಲ್ಲಿ ಆ ಸಲ ಹುಳಿಯೂ ಒಗರೂ ಗಟ್ಟಿಯಾಗಿದ್ದವು, ಅದಕ್ಕೇ ಆ ವೈನ್ ಇಷ್ಟು ಕಾಲ ಬಾಳುತ್ತದೆ. ನೆಲಮಾಳಿಗೆ ತಂಪಾಗಿ, ಕತ್ತಲಾಗಿ ಇದ್ದಿದ್ದರೆ ನನಗಂತೂ ಭರವಸೆಯಿದೆ.

ಬಾಟಲಿಯನ್ನು ಎರಡು ದಿನ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಕಾರ್ಕ್ ಮೆತ್ತಗಾಗಿ ಪುಡಿಯಾಗಬಹುದು. ತಿರುಪಿನ ಓಪನರ್ ಬದಲು ಎರಡು ಅಲಗಿನದನ್ನು ಬಳಸಿ, ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ಬೆಳಕಿರಲಿ, ಗಸಿ ಕಂಡ ಕೂಡಲೇ ನಿಲ್ಲಿಸಿ.

ಬಣ್ಣ ಇಟ್ಟಿಗೆಯಂತಿದ್ದರೆ ಹೆದರಬೇಡಿ, ವಯಸ್ಸಾದ ನೆಬ್ಬಿಯೋಲೊಗೆ ಅದು ಸಹಜ. ನಾನು ಇಂಥದ್ದೊಂದನ್ನು ತೆರೆದಾಗ ಮೊದಲು ಬರೀ ಮುಗ್ಗಲು ವಾಸನೆ. ಮನಸ್ಸು ಕುಗ್ಗಿತು. ಅರ್ಧ ಗಂಟೆ ಸುಮ್ಮನೆ ಬಿಟ್ಟೆ. ಆಮೇಲೆ ಒಣಗಿದ ಗುಲಾಬಿ, ಡಾಂಬರು, ಒದ್ದೆ ಎಲೆಗಳ ಪರಿಮಳ ಒಂದೊಂದಾಗಿ ಮೇಲೆದ್ದವು. ಒಗರು ಕರಗಿ ರೇಷ್ಮೆಯಾಗಿತ್ತು. ಆ ಗುಟುಕು ಇನ್ನೂ ನೆನಪಿದೆ. ವಿನೆಗರ್ ನಾತವೋ ನೆನೆದ ರಟ್ಟಿನ ವಾಸನೆಯೋ ಬಂದರೆ ಮಾತ್ರ ಆಸೆ ಬಿಡಿ, ಅದು ಹೋಗುವುದಿಲ್ಲ.

16ರಿಂದ 18 ಡಿಗ್ರಿಯಲ್ಲಿ ಬಡಿಸಿ. ಜೊತೆಗೆ ಅಣಬೆಯ ರಿಸೊಟ್ಟೊ (ಇಟಲಿಯ ಅನ್ನದ ಅಡುಗೆ) ಸಾಕು, ಖಾರದ ಅಡುಗೆ ಬೇಡ.